ಆರು ಗಂಟೆಯ ಊಟಕ್ಕೆ ಆಗಿರುವ ಹಾಗೂ ಆಗಲಿರುವ ವಿಳಂಬವನ್ನು ಮನ್ನಿಸುವ ಬಗ್ಗೆ

ಇಂದ,
ಶ್ರೀಮತಿ ವರ್ನಾ ಪ್ರೊಕೊಪ್ಚುಕ್, ವಯಸ್ಸು ೬೯,
ನಿವೃತ್ತ ಗುಮಾಸ್ತೆ, ಗ್ರಾಮಾಂತರ ಪುರಸಭೆ ಕಚೇರಿ,
ಸಸ್ಕಾಚೆವಾನ್ ಪ್ರಾಂತ್ಯ, ಕೆನಡಾ.
ಹಾಲಿ ವಾಸ: ಬೀಗ ಬಿದ್ದ ಗಡಿ ಗೇಟಿನಿಂದ ಎಂಟು ಹೆಜ್ಜೆ ಈಚೆಗೆ ನಿಂತಿರುವ ಹಸಿರು ಪಿಕಪ್ ಗಾಡಿಯ ಬಲಗಡೆ ಸೀಟು.

ಗೆ,
ಶ್ರೀ ಲೈಲ್ ಟೋರ್ಗರ್ಸನ್ ಅವರು,
ರೈತರು ಹಾಗೂ ಗ್ರಾಮ ಮಂಡಳಿಯ ಸದಸ್ಯರು,
ನಾರ್ತ್ ಡಕೋಟ, ಅಮೆರಿಕ.

ಸೂಕ್ತ ಮಾರ್ಗವಾಗಿ: ಆಫೀಸರ್ ಬ್ರೆಕ್ಕೆ, ಗಡಿ ಠಾಣೆ (ಸದ್ಯ ಕೆಲಸ ಮುಗಿಸಿ ಹೂಗಿಡಗಳಿಗೆ ನೀರು ಹಾಕುತ್ತಿರುವವರು).

ವಿಷಯ: ಸಮುದ್ರ ನೋಡುವ ಸಲುವಾಗಿ ಎರಡು ಸಾವಿರ ಚಿಲ್ಲರೆ ಕಿಲೋಮೀಟರ್ ಪ್ರಯಾಣಕ್ಕೆ ಹೊರಟವಳು ಮೊದಲ ತೊಂಬತ್ತೇಳನ್ನು ಕ್ರಮಿಸಲು ಐದು ಗಂಟೆ ಹತ್ತು ನಿಮಿಷ ತೆಗೆದುಕೊಂಡಿದ್ದು, ಅದನ್ನು ನಿರಾಕರಣೆ ಎಂದು ಪರಿಗಣಿಸದಿರುವ ಕುರಿತು.

ಉಲ್ಲೇಖ:
೧. ಕಳೆದ ಮಾರ್ಚ್ ಮೊದಲ ವಾರ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಪಂದ್ಯದ ನಂತರ, ಕೋಟು ತೂಗುಹಾಕುವ ಗೂಟಗಳ ಬಳಿ ತಾವು ಮಾಡಿದ ಮೌಖಿಕ ಪ್ರಸ್ತಾವನೆ: "ನಾನು ಸಮುದ್ರ ನೋಡಿಲ್ಲ. ನೀವೂ ನೋಡಿಲ್ಲ. ಬರ್ತೀರಾ?"
೨. ಸದರಿ ಪ್ರಸ್ತಾವನೆಗೆ ಅರ್ಜಿದಾರಳ ಉತ್ತರ: "ನೋಡೋಣ."
೩. ಕಳೆದ ಭಾನುವಾರದ ತಮ್ಮ ದೂರವಾಣಿ ಹೇಳಿಕೆ: "ಆರಕ್ಕೆ ಊಟ. ಏಳಕ್ಕೆ ಗಾಡಿ ಹೊರಡುತ್ತೆ. ಕುರ್ಚಿ ಖಾಲಿ ಇದ್ರೆ ನನಗೆ ಅರ್ಥ ಆಗುತ್ತೆ." (ಒಟ್ಟು ಹನ್ನೊಂದು ಪದಗಳು. ತಾವು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲಾದ್ದರಿಂದ ವಿಷಯದ ಗಾಂಭೀರ್ಯ ಮನವರಿಕೆಯಾಗಿದೆ.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಅರ್ಜಿದಾರಳಿಗೆ ಬರೆಯಲು ಬರುವುದು ಎರಡೇ: ದಿನಸಿ ಚೀಟಿ ಮತ್ತು ಅರ್ಜಿ. ಮೂವತ್ತೊಂದು ವರ್ಷ ಪುರಸಭೆಯ ಕಚೇರಿಯಲ್ಲಿ ಕೂತು ಊರವರ ಜಲ್ಲಿ ರಸ್ತೆ, ಕುಸಿದ ಮೋರಿ, ಬಿಲ ತೋಡುವ ಹೆಗ್ಗಣ ಆದಿಯಾಗಿ ಸಕಲ ದುಃಖಗಳನ್ನೂ ಅರ್ಜಿಯ ಅಚ್ಚಿಗೆ ಸುರಿದವಳೀಕೆ. 'ನಾನು' ಎಂಬ ಪದ ಕಡತಕ್ಕೆ ಶೋಭೆಯಲ್ಲವೆಂದು ಮೊದಲ ವಾರವೇ ಕಲಿಸಲಾಗಿದ್ದು, ಆ ಪಾಠ ಸಂಸಾರದಲ್ಲೂ ಮುಂದುವರಿಯಿತು. ತಾವಾದರೂ ಪ್ರೇಮಪತ್ರವೆಂದರೆ ಕಿವಿ ಕೆಂಪಗೆ ಮಾಡಿಕೊಳ್ಳುವವರು. ಅರ್ಜಿಯೆಂದರೆ ಕನ್ನಡಕ ಹುಡುಕುವವರು. ಕಾರಣ, ಉಭಯತರಿಗೂ ಅನುಕೂಲವಾದ ಈ ನಮೂನೆಯನ್ನು ಆರಿಸಿಕೊಳ್ಳಲಾಗಿದೆ.

ಈಗಿನ ಸ್ಥಿತಿಗತಿ: ಗೇಟು ಹಾಕಿದೆ. ತಮ್ಮ ಮನೆಯ ಫೋನಿಗೆ ಆರು ಸಲ ಕರೆ ಮಾಡಲಾಗಿದೆ. ತಾವು ಅಂಗಳದಲ್ಲಿ, ಊಟ-ನಿದ್ದೆಗೆ ಅನುಕೂಲವಿರುವ ಕ್ಯಾಂಪರ್ ಗಾಡಿಯ ಕೆಳಗೆ ಅಂಗಾತ ಮಲಗಿ ಗ್ರೀಸು ಹಚ್ಚುತ್ತಿರುವಿರೆಂದು ಊಹಿಸಲಾಗಿದೆ. ಮೊಬೈಲು ತಾವು ಇಟ್ಟುಕೊಂಡಿಲ್ಲ. ಇಟ್ಟುಕೊಂಡಿದ್ದರೂ ಅದಕ್ಕೂ ಗ್ರೀಸು ಹಚ್ಚುತ್ತಿದ್ದಿರಿ. ಹೀಗಿರುವಲ್ಲಿ ಆಫೀಸರ್ ಬ್ರೆಕ್ಕೆಯವರು ಗೇಟಿನ ಆಚೆಯಿಂದ ಈ ಕೆಳಗಿನಂತೆ ತಿಳಿಸಿರುತ್ತಾರೆ:

"ಗೇಟು ತೆಗಿಯೋದು ನನ್ನ ಕೈಲಿಲ್ಲ ಅಮ್ಮ. ಕಂಪ್ಯೂಟರ್ ಆಫ್ ಆಯ್ತು ಅಂದ್ರೆ ಅಮೆರಿಕ ಮಲಗಿದ ಹಾಗೆ. ಆದ್ರೆ ನಾನು ಮನೆಗೆ ಹೋಗೋ ದಾರೀಲೇ ಲೈಲ್ ಹೊಲ ಸಿಗುತ್ತೆ. ಬಾಯಿಮಾತು ಒಯ್ಯಲ್ಲ, ಬಾಯಿಮಾತು ದಾರೀಲಿ ಬೆಳೆಯುತ್ತೆ. ಬರೆದುಕೊಡಿ, ತಲುಪಿಸ್ತೀನಿ. ಬಾವುಟ ಇಳಿಸಿ ಹೂವಿಗೆ ನೀರು ಹಾಕೋತನಕ ಟೈಮು."

ಅದರಂತೆ ಗಾಡಿಯಲ್ಲಿ ಸಿಕ್ಕ ಗೋಧಿ ತೂಕದ ಚೀಟಿಗಳ ಹಿಂಬದಿಯಲ್ಲಿ ವಿಳಂಬದ ಕಾರಣಗಳನ್ನು ನಿವೇದಿಸಲಾಗಿದೆ. ಹೊರಡಬೇಕಾಗಿದ್ದ ವೇಳೆ ಬೆಳಿಗ್ಗೆ ಹನ್ನೊಂದು. ದಾರಿ ಒಂದು ಗಂಟೆ ಹತ್ತು ನಿಮಿಷದ್ದು. ಮಿಕ್ಕ ನಾಲ್ಕು ಗಂಟೆಗಳ ವಿವರ:

೧. ಬೀಳ್ಕೊಡುಗೆ, ಎಪ್ಪತ್ತು ನಿಮಿಷ. ನಮ್ಮ ಕಡೆ ಹೊರಡುವುದೆಂದರೆ ಒಂದು ಕ್ರಿಯೆಯಲ್ಲ, ಒಂದು ಇಲಾಖೆ. ಮೇಜಿನ ಬಳಿ ಎರಡೂ ತೊಡೆಗಳನ್ನು ಚಪ್ಪರಿಸಿ "ಸರಿ, ಹಾಗಾದ್ರೆ" ಎಂದರೆ ಅದು ಬರೀ ಅರ್ಜಿ ಸ್ವೀಕೃತಿ. ಬಾಗಿಲಲ್ಲಿ ಪರಿಶೀಲನೆ. ಮೆಟ್ಟಿಲ ಮೇಲೆ ತಾತ್ವಿಕ ಒಪ್ಪಿಗೆ. ಗಾಡಿಯ ಕಿಟಕಿಗೆ ಮೊಣಕೈ ಊರಿ ಅಂತಿಮ ಮಂಜೂರಾತಿ. ಪಕ್ಕದ ಮನೆಯ ಓಲ್ಗಾ ಹ್ರಿಟ್ಸಾಕ್ ಈ ನಾಲ್ಕೂ ಹಂತಗಳಲ್ಲಿ ಆಕ್ಷೇಪಣೆ ಸಲ್ಲಿಸಿದರು.

"ಸಮುದ್ರ ನೋಡೋಕೆ ಅಷ್ಟು ದೂರ ಯಾಕೆ ಸಾಯ್ಬೇಕೇ? ಗೋಧಿ ಹೊಲಕ್ಕೆ ಗಾಳಿ ಬೀಸಿದ್ರೆ ಅದೇ ಸಮುದ್ರ. ಕಾಲೂ ನೆನೆಯಲ್ಲ."

"ಓಲ್ಗಾ, ಹೊತ್ತಾಯ್ತು."

"ಹೋಗೇ, ತಡೆಯೋರ್ಯಾರು ನಿನ್ನ? ಆದ್ರೆ ಒಂದು ಮಾತು. ನಿನ್ನ ಲೈಲ್ ಕಡೆಯ ಆ ಲುಥೆರನ್ ಚರ್ಚಿನ ಜನ ಬೆಳ್ಳುಳ್ಳಿ ಮುಟ್ಟಲ್ಲ. ಉಪ್ಪು ಅಂದ್ರೂ ಪಾಪ ಅನ್ನೋರು. ಒಂದು ವಾರದಲ್ಲಿ ನೀನೂ ಬೇಯಿಸಿದ ಆಲೂಗಡ್ಡೆ ಥರ ಬಿಳುಚಿಕೊಂಡು ವಾಪಸ್ ಬರ್ತೀಯ, ನೋಡ್ತಿರು."

ಹೀಗೆ ಹೇಳುತ್ತ ಅವರು ಕಿಟಕಿಯೊಳಕ್ಕೆ ನಾಲ್ಕು ಗಡ್ಡೆ ಬೆಳ್ಳುಳ್ಳಿ ಎಸೆದರು. ಗಾಡಿ ಚಲಿಸತೊಡಗಿದ ಮೇಲೂ ಪಕ್ಕದಲ್ಲೇ ನಡೆಯುತ್ತ ತಮ್ಮ ಮಂಡಿನೋವಿನ ವಿವರವನ್ನು ಪೂರ್ಣಗೊಳಿಸಿದರು. ಗಾಡಿಯ ವೇಗ ಅವರ ಮಂಡಿಗಿಂತ ಕಡಿಮೆ ಇತ್ತೆಂಬುದು ಗಮನಾರ್ಹ.

ಗಾಡಿ ನಡೆಸುತ್ತಿರುವವನು ಅರ್ಜಿದಾರಳ ಅಣ್ಣ ಮೆಟ್ರೋ ಬಾಬಿಯಕ್, ವಯಸ್ಸು ಎಪ್ಪತ್ತಮೂರು. ಹೆಸರು ಮೆಟ್ರೋ ಆದರೂ ವೇಗಕ್ಕೂ ಆತನಿಗೂ ನೆಂಟಸ್ತಿಕೆಯಿಲ್ಲ.

೨. ಸೌಜನ್ಯ, ಇಪ್ಪತ್ತು ನಿಮಿಷ. ಊರಾಚೆಯ ನಾಲ್ಕು ದಾರಿಗಳ ಕೂಡಿನಲ್ಲಿ ಮೆಟ್ರೋನ ಗಾಡಿಯೂ ಎದುರಿನ ಹಾಲಿನ ಲಾರಿಯೂ ಏಕಕಾಲಕ್ಕೆ ಬಂದು ನಿಂತವು. ಮೆಟ್ರೋ ಕೈಯಾಡಿಸಿ "ನೀನು ಹೋಗು" ಎಂದ. ಲಾರಿಯವನು ಕೈಯಾಡಿಸಿ "ನೀನು" ಎಂದ. ಮೆಟ್ರೋ ಎರಡೂ ಕೈ ಆಡಿಸಿದ. ಅಷ್ಟರಲ್ಲಿ ಮೂರನೆಯ ದಾರಿಯಲ್ಲಿ ಪಾದ್ರಿಯೊಬ್ಬರು ಬಂದು ನಿಂತು ಇಬ್ಬರಿಗೂ ಕೈಯಾಡಿಸಿದರು.

"ಹೋಗೋ ಮೆಟ್ರೋ, ನಿನಗೇ ಹೇಳ್ತಿರೋದು."

"ಅವನಿಗಿಂತ ಮೊದಲು ಹೋದ್ರೆ ಅವನೇನು ಅಂದ್ಕೋತಾನೆ?"

"ಹೋದ ಅಂದ್ಕೋತಾನೆ."

"ನಿನಗೆ ಗೊತ್ತಾಗಲ್ಲ ತಂಗೀ. ಇದು ಮರ್ಯಾದೆ ಪ್ರಶ್ನೆ."

ಕೊನೆಗೆ ಮೂವರೂ ಇಳಿದು ಬಂದು ದಾರಿಯ ನಡುಮಧ್ಯೆ ಕೈಕುಲುಕಿದರು. ಲಾರಿಯವನ ಅಜ್ಜಿಯೂ ನಮ್ಮ ಅಜ್ಜಿಯೂ ಒಂದೇ ಹಡಗಿನಲ್ಲಿ ಬಂದವರೆಂಬುದು ಅಲ್ಲಿ ಪತ್ತೆಯಾಯಿತು.

೩. ಒಲೆ ಆರಿಸಿದೆಯೋ ಇಲ್ಲವೋ ಎಂಬ ಸಂಶಯದಿಂದ ಮನೆಗೆ ಮರಳಿದ್ದು, ನಲವತ್ತೈದು ನಿಮಿಷ. (ವಿವರಕ್ಕೆ ಕಲಂ ೭ ನೋಡುವುದು. ಈಗಲೇ ನೋಡಬೇಕಾಗಿಲ್ಲ.)

೪. ಕಾಫಿ, ಮೂವತ್ತು. ಸಹಕಾರಿ ಅಂಗಡಿಯ ಕಾಫಿ ಮೇಜಿನಲ್ಲಿ ಮುದುಕರು ಕುಳಿತಿರುವಾಗ ಮುಂದೆ ಹಾದುಹೋದರೆ ಆ ದಿನದ ಮಾತು ನಮ್ಮ ಬಗ್ಗೆಯೇ ನಡೆಯುತ್ತದೆ ಎಂಬುದು ಮೆಟ್ರೋನ ವಾದ. ಒಳಗೆ ಹೋದರೂ ನಮ್ಮ ಬಗ್ಗೆಯೇ ನಡೆಯಿತು. "ಅಮೆರಿಕದ ಅಳಿಯನನ್ನ ಹುಡುಕಿದ್ದೀಯಂತೆ ಮೆಟ್ರೋ?" ಎಂದು ಒಬ್ಬರು. "ಅಳಿಯ ಅಲ್ವೋ, ಭಾವ" ಎಂದು ಇನ್ನೊಬ್ಬರು. "ಭಾವವೋ ಅಭಾವವೋ, ಹೋಗಿ ನೋಡಿದ ಮೇಲೆ ಗೊತ್ತಾಗೋದು" ಎಂದು ಮೂರನೆಯವರು. ಈ ಹೇಳಿಕೆಗಳಿಗೆ ಪ್ರತಿಯಾಗಿ ಅರ್ಜಿದಾರಳು ಎರಡನೇ ಲೋಟ ಕಾಫಿ ಮಾತ್ರ ಕುಡಿದಿರುತ್ತಾಳೆ.

೫. ಧಾನ್ಯ ಸಾಗಿಸುವ ರೈಲು ನಲವತ್ತು ನಿಮಿಷ. ಕೊಯ್ಲು ಯಂತ್ರ ಮೂವತ್ತೈದು. ರೈಲಿಗೆ ನೂರಾ ಎಪ್ಪತ್ತನಾಲ್ಕು ಡಬ್ಬಿಗಳು. ನೂರಾ ಎಪ್ಪತ್ತು ದಾಟಿದ ಮೇಲೆ ಅದು ನಿಂತಿತು, ಯೋಚಿಸಿತು, ಹಿಂದಕ್ಕೆ ಬಂದಿತು. ಮೆಟ್ರೋ ಮತ್ತೆ ಒಂದರಿಂದ ಎಣಿಸಿದ. ಕೊಯ್ಲು ಯಂತ್ರವಾದರೋ ಇಡೀ ರಸ್ತೆಯ ಅಗಲಕ್ಕೆ ಹೊದಿಕೆಯಂತೆ ಹರಡಿಕೊಂಡು ಸಾಗುತ್ತಿತ್ತು. ಪಕ್ಕದ ಹುಲ್ಲಿನ ಮೇಲೆ ಇಳಿಸಿ ದಾಟಬಹುದಿತ್ತು. "ಬೆಳೆ ಮನೆಗೆ ತರೋನನ್ನ ಹಿಂದೆ ಹಾಕೋದು ಒಳ್ಳೇದಲ್ಲ" ಎಂದು ಮೆಟ್ರೋ ಅದರ ಬಾಲಕ್ಕೆ ಕಟ್ಟಿದ ಕರುವಿನಂತೆ ಹಿಂಬಾಲಿಸಿದ.

೬. ಗಡಿಯಾರ. ಇದು ಮುಖ್ಯ. ಗಾಡಿ ಗಡಿಗೆ ಬಂದಾಗ ಮೆಟ್ರೋನ ಕೈಯಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಠಾಣೆ ಮುಚ್ಚುವುದು ಐದಕ್ಕೆ. ಆದ್ದರಿಂದ ಆತ ಮೀಸೆ ತಿರುವಿಕೊಂಡೇ ಇಳಿದ. ಮುಂದಿನ ಸಂಭಾಷಣೆ ಗೇಟಿನ ಸರಳುಗಳ ನಡುವೆ ನಡೆದಿದ್ದು ಯಥಾವತ್ತಾಗಿ ದಾಖಲಿಸಲಾಗಿದೆ:

"ಮುಚ್ಚಿ ಹತ್ತು ನಿಮಿಷ ಆಯ್ತು ಯಜಮಾನ್ರೇ."

"ಇನ್ನೂ ಐವತ್ತು ನಿಮಿಷ ಇದೆಯಲ್ಲಮ್ಮ! ನಾಲ್ಕೂ ಹತ್ತು ಈಗ."

"ಅಲ್ಲಿ ನಾಲ್ಕೂ ಹತ್ತು. ಇಲ್ಲಿ ಐದೂ ಹತ್ತು."

"ಅಲ್ಲಿ ಇಲ್ಲಿ ಅಂದ್ರೆ? ನಿನಗೂ ನನಗೂ ಎಂಟು ಹೆಜ್ಜೆ!"

"ಎಂಟು ಹೆಜ್ಜೆ, ಒಂದು ಗಂಟೆ. ನಾವು ಮಾರ್ಚ್‌ನಲ್ಲಿ ಗಡಿಯಾರ ಮುಂದಿಡ್ತೀವಿ. ನೀವು ಇಡಲ್ಲ."

"ಯಾಕಿಡ್ಬೇಕು? ಸೂರ್ಯನೇನು ಸರ್ಕಾರಿ ನೌಕರನಾ, ಸುತ್ತೋಲೆ ಕಳಿಸಿದ್ರೆ ಬೇಗ ಬರೋಕೆ? ನಮ್ಮಪ್ಪ ಮುಳ್ಳು ತಿರುಗಿಸಿಲ್ಲ, ನಾನೂ ತಿರುಗಿಸಿಲ್ಲ. ನಮ್ಮ ಪ್ರಾಂತ್ಯದ ಹಸುಗಳಿಗೂ ಆತ್ಮಗೌರವ ಇದೆ!"

"ಹಸುಗಳು ಗಡಿ ದಾಟೋಕೂ ಬೇರೆ ಟೈಮಿಂಗ್ ಇದೆ ಯಜಮಾನ್ರೇ. ಬೋರ್ಡು ನೋಡಿ."

ಮೆಟ್ರೋ ಬೋರ್ಡು ನೋಡಿದ. ನಂತರ ಬಂದು ಗಾಡಿಯ ಮೂತಿಯ ಮೇಲೆ ಕುಳಿತ. ಗಡಿ ಯಾರದು, ಗಡಿಯಾರ ಯಾರದು ಎಂಬ ವಿಚಾರದಲ್ಲಿ ಆತ ಈಗಲೂ ತನ್ನಷ್ಟಕ್ಕೆ ವಾದಿಸುತ್ತಿರುವುದು ಗಾಜಿನ ಮೂಲಕ ಕಾಣುತ್ತಿದೆ. ಮೇಲ್ನೋಟಕ್ಕೆ ವಿಳಂಬದ ಸಂಪೂರ್ಣ ಹೊಣೆ ಆತನದೇ. ಹಾಗೆಂದೇ ಈ ಅರ್ಜಿಯನ್ನು ಮುಗಿಸುವ ಉದ್ದೇಶವೂ ಅರ್ಜಿದಾರಳಿಗಿತ್ತು. ಆದರೆ ಆಫೀಸರ್ ಬ್ರೆಕ್ಕೆ ಇನ್ನೂ ಮೂರನೆಯ ಹೂಕುಂಡದ ಬಳಿಯಿದ್ದಾರೆ. ಇನ್ನೆರಡು ಬಾಕಿ ಇವೆ. ಆದ್ದರಿಂದ,

೭. ಒಲೆ ಉರಿಯುತ್ತಿರಲಿಲ್ಲ. ಉರಿಯುತ್ತಿಲ್ಲವೆಂದು ಅರ್ಜಿದಾರಳಿಗೆ ಹದಿನೈದು ಕಿಲೋಮೀಟರ್ ದೂರದಲ್ಲೇ ಗೊತ್ತಿತ್ತು. ಅಂದು ಬೆಳಿಗ್ಗೆ ಆಕೆ ಒಲೆ ಹಚ್ಚಿಯೇ ಇರಲಿಲ್ಲ; ತಣ್ಣನೆಯ ಬ್ರೆಡ್ಡು ತಿಂದಿದ್ದಳು. ಆದಾಗ್ಯೂ "ಅಯ್ಯೋ, ಒಲೆ!" ಎಂದು ಕೂಗಿದ್ದು ಆಕೆಯೇ.

ಮೆಟ್ರೋನನ್ನು ಗಾಡಿಯಲ್ಲೇ ಕೂರಿಸಿ ಆಕೆ ಒಳಗೆ ಹೋಗಿ ಅಡಿಗೆಮನೆಯ ಮೇಜಿನ ಮುಂದೆ ಕುಳಿತಳು. ಎದುರಿಗೆ ಆರು ವರ್ಷಗಳಿಂದ ಯಾರೂ ಕೂರದ ಜಾಗ. ದಿವಂಗತ ಎಡ್ವಿನ್ ಪ್ರೊಕೊಪ್ಚುಕ್ ಅವರು ಮೂವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ಪ್ರತಿ ವಸಂತದಲ್ಲೂ "ಈ ಸಲ ಕೊಯ್ಲು ಮುಗೀಲಿ, ಸಮುದ್ರಕ್ಕೆ ಹೋಗೇಬಿಡೋಣ ಕಣೇ" ಎನ್ನುತ್ತಿದ್ದರು. ಕೊಯ್ಲು ಪ್ರತಿ ವರ್ಷವೂ ಮುಗಿಯಿತು. ಆಮೇಲೆ ಹಿಮ ಬೀಳುತ್ತಿತ್ತು. ಸದರಿ ಸಮುದ್ರ ಮೂವತ್ತೆಂಟು ಸಲ ಮುಂದೂಡಲ್ಪಟ್ಟಿದ್ದು, ಕಡತ ಇಂದಿಗೂ ಮುಕ್ತಾಯವಾಗಿಲ್ಲ.

ಬೇರೊಬ್ಬರ ಗಾಡಿ ಹತ್ತಿ ಅದೇ ಸಮುದ್ರ ನೋಡಲು ಹೋಗುವುದು ಹಿಂದಿನ ಮೇಲಧಿಕಾರಿಗೆ ತಿಳಿಸದೆ ವರ್ಗಾವಣೆ ಪಡೆದಂತಾಗುತ್ತದೆಂದು ಅರ್ಜಿದಾರಳಿಗೆ ಅನಿಸಿತು. ಆದ್ದರಿಂದ ದಿವಂಗತರಿಂದ ನಿರಾಕ್ಷೇಪಣಾ ಪತ್ರ ಪಡೆಯುವ ಸಲುವಾಗಿ ಆಕೆ ಅಲ್ಲಿ ಹನ್ನೊಂದು ನಿಮಿಷ ಕಾದಳು. ಫ್ರಿಜ್ಜು ಗುಂಯ್ಗುಟ್ಟಿತು. ನಲ್ಲಿ ಒಂದು ಹನಿ ಬಿಟ್ಟಿತು. ಆಚೆ ಮೆಟ್ರೋ ಎರಡು ಸಲ ಹಾರ್ನ್ ಹೊಡೆದ. ನಿಗದಿತ ಅವಧಿಯಲ್ಲಿ ಉತ್ತರ ಬಾರದೇ ಇದ್ದಲ್ಲಿ ಆಕ್ಷೇಪಣೆ ಇಲ್ಲವೆಂದು ಭಾವಿಸತಕ್ಕದ್ದು ಎಂಬ ನಿಯಮ ಪುರಸಭೆಯಲ್ಲಿದೆ. ಅದನ್ನು ಮೂವತ್ತೊಂದು ವರ್ಷ ಊರಿಗೆಲ್ಲ ಅನ್ವಯಿಸಿದವಳು ತನಗೆ ಅನ್ವಯಿಸಿಕೊಂಡದ್ದು ಇದೇ ಮೊದಲು. ಆಕೆ ಕಣ್ಣೊರೆಸಿಕೊಂಡು, ಆರಿದ್ದ ಒಲೆಯ ಗುಂಡಿಯನ್ನು ಇನ್ನೊಮ್ಮೆ ಆರಿಸಿ, ಹೊರಗೆ ಬಂದಳು.

ಇನ್ನೊಂದು ಅಂಶ. ಅಡಿಗೆಮನೆಯಿಂದ ಏಳುವಾಗ ಆಕೆಯ ಕಣ್ಣು ಗೋಡೆ ಗಡಿಯಾರದ ಮೇಲೆ ಬಿತ್ತು: ಒಂದೂ ಹತ್ತು. ಆಚೆ ದೇಶದಲ್ಲಿ ಎರಡೂ ಹತ್ತು. ಇದು ಆಕೆಗೆ ಹೊಳೆಯಿತು. ಹೊಳೆಯದೆ ಏನು? ಪ್ರತಿ ಮಾರ್ಚ್‌ನಲ್ಲೂ "ಪಕ್ಕದ ದೇಶದಲ್ಲಿ ಇಂದಿನಿಂದ ಒಂದು ಗಂಟೆ ಮುಂದೆ; ಗಡಿಗೆ ಹೋಗುವವರು ಗಮನಿಸುವುದು" ಎಂಬ ಚೀಟಿಯನ್ನು ಪುರಸಭೆಯ ಫಲಕಕ್ಕೆ ಅಂಟಿಸುತ್ತಿದ್ದವಳು ಆಕೆಯೇ. ಮೆಟ್ರೋನಿಗೆ ಒಂದು ಮಾತು ಹೇಳಿದ್ದರೆ ಆತ ಬೈದುಕೊಂಡಾದರೂ ಕಾಫಿ ಬಿಡುತ್ತಿದ್ದ. ಹೇಳಲಿಲ್ಲ. ಗೇಟು ತಾನಾಗಿಯೇ ಮುಚ್ಚಿದರೆ ಆಕೆ "ಇಲ್ಲ" ಎನ್ನುವ ಕಷ್ಟ ತಪ್ಪುತ್ತಿತ್ತು. ಮುಚ್ಚದಿದ್ದರೆ "ಹೂಂ" ಎನ್ನುವ ಕಷ್ಟವೂ ಅರ್ಧ ತಪ್ಪುತ್ತಿತ್ತು. ಈ ನಿರ್ಧಾರವನ್ನು ಆಕೆ ಒಂದು ಕಬ್ಬಿಣದ ಗೇಟಿಗೆ ವಹಿಸಿದ್ದು ಕರ್ತವ್ಯಲೋಪವೆಂದು ಒಪ್ಪಿಕೊಳ್ಳಲಾಗಿದೆ.

ಗೇಟು ತನ್ನ ಕೆಲಸ ಮಾಡಿತು. ಗಾಡಿ ಬಂದದ್ದು ಹತ್ತು ನಿಮಿಷ ತಡವಾಗಿ. ಅಡಿಗೆಮನೆಯಲ್ಲಿ ಕೂತದ್ದು ಹನ್ನೊಂದು ನಿಮಿಷ. ಕಳೆದು ನೋಡಿದರೆ ಓಲ್ಗಾಳ ಮಂಡಿ, ಪಾದ್ರಿಯ ಕೈ, ರೈಲಿನ ಡಬ್ಬಿ, ಮೆಟ್ರೋನ ಹಸು ಯಾವುದೂ ಅಡ್ಡಿಯಾಗುತ್ತಿರಲಿಲ್ಲ.

೮. ಆದರೆ ಮಾನ್ಯರೇ, ಗೇಟು ಮುಚ್ಚಿದೆಯೆಂದು ಬ್ರೆಕ್ಕೆ ಹೇಳಿದ ಕ್ಷಣದಲ್ಲಿ ಅರ್ಜಿದಾರಳಿಗೆ ಆಗಬೇಕಾಗಿದ್ದದ್ದು ನಿರಾಳ. ಆದದ್ದು ಅದಲ್ಲ. ಆಕೆ ಗಾಡಿಯಿಂದ ಇಳಿದು, ಸೊಂಟನೋವನ್ನು ಮರೆತು, ಗೇಟಿನ ಎರಡನೆಯ ಸರಳಿನ ಮೇಲೆ ಕಾಲಿಟ್ಟಿದ್ದಳು.

"ಏ ವರ್ನಾ! ಇಳಿಯೇ ಮಾರಾಯ್ತಿ, ಜೈಲಿಗೆ ಹಾಕ್ತಾರೆ!" ಎಂದು ಮೆಟ್ರೋ.

"ಅಮ್ಮ, ದಯವಿಟ್ಟು. ಇವತ್ತು ಶನಿವಾರ. ನನಗೆ ಕಾಗದಪತ್ರ ತುಂಬೋಕೆ ಒಂದು ಚೂರೂ ಮನಸ್ಸಿಲ್ಲ" ಎಂದು ಬ್ರೆಕ್ಕೆ.

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ದೇಶದ ಮೇಲೆ ಏರಿಹೋಗಲು ಯತ್ನಿಸಿದ್ದನ್ನು, ಉಲ್ಲೇಖ ೧ರ ಪ್ರಸ್ತಾವನೆಗೆ ಅರ್ಜಿದಾರಳ ತಿದ್ದುಪಡಿಯಾದ ಉತ್ತರವೆಂದು ಪರಿಗಣಿಸಬಹುದಾಗಿದೆ. ಉಲ್ಲೇಖ ೨ನ್ನು ಈ ಮೂಲಕ ಹಿಂಪಡೆಯಲಾಗಿದೆ.

ಆದ್ದರಿಂದ, ಅರ್ಜಿದಾರಳು ಇಲ್ಲಿಂದ ಪೂರ್ವಕ್ಕೆ ನೂರಿಪ್ಪತ್ತು ಕಿಲೋಮೀಟರ್ ದೂರದ, ಹಗಲೂ ರಾತ್ರಿ ತೆರೆದಿರುವ ದೊಡ್ಡ ಠಾಣೆಯ ಮೂಲಕ ಸುತ್ತಿಬಳಸಿ ಬರಬೇಕಾಗಿರುವ ಕಾರಣ, ಮೆಟ್ರೋ ನಡೆಸುವ ಗಾಡಿಯೇ ಅದಕ್ಕೂ ಗತಿಯಾಗಿರುವ ಕಾರಣ, ಆರಕ್ಕೆ ಊಟಕ್ಕೂ ಏಳಕ್ಕೆ ಹೊರಡುವುದಕ್ಕೂ ಆಕೆ ತಲುಪುವ ಸಂಭವ ಯಾವ ದೇಶದ ಗಡಿಯಾರದಲ್ಲೂ ಇಲ್ಲದಿರುವ ಕಾರಣ, ತಾವು ದಯಮಾಡಿ,

(ಅ) ಗಾಡಿಯನ್ನು ಅಂಗಳದಿಂದ ಹೊರಡಿಸದೆ ತಡೆಹಿಡಿಯಬೇಕಾಗಿಯೂ,

(ಆ) ತಮ್ಮ ಊಟದ ಮೇಜಿನ ಸದರಿ ಕುರ್ಚಿಯನ್ನು 'ಖಾಲಿ' ಎಂದು ಷರಾ ಬರೆಯದೆ, 'ಭರ್ತಿ ಪ್ರಕ್ರಿಯೆಯಲ್ಲಿದೆ' ಎಂದು ನಮೂದಿಸಬೇಕಾಗಿಯೂ,

(ಇ) ಸಮುದ್ರವು ಇಷ್ಟು ಕೋಟಿ ವರ್ಷ ಕಾದಿರುವುದರಿಂದ ಇನ್ನೊಂದು ರಾತ್ರಿ ಕಾಯಲು ಅದಕ್ಕೆ ಅಡ್ಡಿಯಿಲ್ಲವೆಂಬುದನ್ನು ಪರಿಗಣಿಸಬೇಕಾಗಿಯೂ

ವಿನಂತಿ. ಆಫೀಸರ್ ಬ್ರೆಕ್ಕೆ ಕೊನೆಯ ಹೂಕುಂಡ ಮುಗಿಸಿ ಕೈಚಾಚಿ ನಿಂತಿರುವುದರಿಂದ ಇಲ್ಲಿಗೆ ನಿಲ್ಲಿಸಲಾಗಿದೆ.

ತಮ್ಮ ವಿಶ್ವಾಸಿ (ಇದುವರೆಗೆ ವಿಶ್ವಾಸ ಕಡಿಮೆ ಇತ್ತು, ಈಗ ಸಾಕಷ್ಟಿದೆ),
ವರ್ನಾ ಪ್ರೊಕೊಪ್ಚುಕ್

ಸ್ಥಳ: ಕೆನಡಾದ ಕೊನೆಯ ಎಂಟು ಹೆಜ್ಜೆ
ದಿನಾಂಕ: ಆಗಸ್ಟ್ ತಿಂಗಳ ಕೊನೆಯ ಶನಿವಾರ
ವೇಳೆ: ನಾಲ್ಕು ಮೂವತ್ತೆಂಟು / ಐದು ಮೂವತ್ತೆಂಟು (ಅನ್ವಯಿಸದ್ದನ್ನು ಹೊಡೆದುಹಾಕುವುದು)

ಲಗತ್ತುಗಳು:
೧. ರೈಲಿನ ಡಬ್ಬಿಗಳ ಎಣಿಕೆ ಪಟ್ಟಿ, ಎರಡು ಪ್ರತಿ (ಎರಡೂ ತಾಳೆಯಾಗುತ್ತಿಲ್ಲ).
೨. ಸೂರ್ಯನ ಕರ್ತವ್ಯದ ಅವಧಿ ಕುರಿತು ಮೆಟ್ರೋ ಬಾಬಿಯಕ್ ಅವರ ಪ್ರತ್ಯೇಕ ಪ್ರತಿಭಟನಾ ಪತ್ರ, ಅರ್ಧ ಪುಟ (ಬೈಗುಳ ಅಳಿಸಲಾಗಿದೆ).
೩. ಈ ಅರ್ಜಿಯೊಳಗೆ ಹಣ್ಣು, ತರಕಾರಿ, ಮಾಂಸ ಅಥವಾ ಜೀವಂತ ಪ್ರಾಣಿಗಳಿಲ್ಲವೆಂಬ ದೃಢೀಕರಣ. (ಬೆಳ್ಳುಳ್ಳಿ ಅರ್ಜಿದಾರಳ ಬಳಿಯೇ ಇದ್ದು ದೊಡ್ಡ ಠಾಣೆಯಲ್ಲಿ ಘೋಷಿಸಲಾಗುವುದು.)

ವಿಶೇಷ ಸೂಚನೆ: ತಾವು ಈ ಅರ್ಜಿಯ ಮೇಲೆ ಏನು ಬೇಕಾದರೂ ಷರಾ ಬರೆಯಬಹುದು. "ನೋಡೋಣ" ಎಂದು ಮಾತ್ರ ಬರೆಯಬಾರದಾಗಿ ಕೋರಿಕೆ.

ಷರಾ
(ತೂಕದ ಚೀಟಿಯ ಅಂಚಿನಲ್ಲಿ, ದಪ್ಪ ಪೆನ್ಸಿಲಿನಲ್ಲಿ, ಗ್ರೀಸಿನ ಬೆರಳಚ್ಚು ಸಹಿತ)

ಓದಿದೆ. ಎರಡು ಸಲ.

ಆರು ಅಂದಿದ್ದು ನಿಮ್ಮ ಆರು. ಮಾರ್ಚ್‌ನಲ್ಲಿ ಇಲ್ಲಿ ಎಲ್ಲರೂ ಮುಳ್ಳು ಮುಂದೆ ತಿರುಗಿಸಿದರು. ನಾನು ಅಡಿಗೆಮನೆಯ ಗಡಿಯಾರ ಮುಟ್ಟಲಿಲ್ಲ. ನೀವು ಅಲ್ಲಿ ಎದ್ದಿರಾ, ಕಾಫಿಗೆ ಕೂತಿರಾ, ದೀಪ ಆರಿಸಿದಿರಾ ಅಂತ ಅದನ್ನು ನೋಡಿದ್ರೆ ಗೊತ್ತಾಗುತ್ತೆ. ಬ್ರೆಕ್ಕೆ ಈ ಕಾಗದ ಕೊಟ್ಟಾಗ ಆ ಗಡಿಯಾರದಲ್ಲಿ ಐದು ಗಂಟೆ ಐದು ನಿಮಿಷ.

ಓವನ್‌ನಲ್ಲಿದ್ದ ಊಟ ಹಾಗೇ ಕ್ಯಾಂಪರ್‌ಗೆ ಏರಿಸಿದ್ದೀನಿ. ದೊಡ್ಡ ಠಾಣೆಗೆ ಈಗಲೇ ಹೊರಟೆ. ಈಚೆ ಬದಿ ನಿಂತಿರ್ತೀನಿ. ಮೆಟ್ರೋಗೂ ತಟ್ಟೆ ಇದೆ.

ಆರು ಇನ್ನೂ ಆಗೇ ಇಲ್ಲ. ಆಗದೇ ಇರೋ ತಡವನ್ನು ಮನ್ನಿಸೋಕೆ ನಿಯಮದಲ್ಲಿ ಅವಕಾಶ ಇಲ್ಲ. ಅರ್ಜಿ ವಜಾ.

ಲೈಲ್ ಟಿ.